ನಾನು ಇಳಿಯದ ಗುಂಡಿ

ನನ್ನದು ಮಣ್ಣು ನೋಡುವ ಕೆಲಸ. ಹಾಗಂದಾಗ ನಮ್ಮ ಚಳ್ಳಕೆರೆ ಕಡೆ ಜನ ನಗುತ್ತಾರೆ. "ಮಣ್ಣು ನೋಡಾಕೂ ಸಂಬಳ ಕೊಡ್ತಾರೇನವ್ವಾ?" ಅನ್ನುತ್ತಾರೆ. ಕೊಡುತ್ತಾರೆ. ಹೊಲದಲ್ಲಿ ಆಳುದ್ದ ಗುಂಡಿ ತೋಡಿಸಿ, ಒಳಗೆ ಇಳಿದು ನಿಂತು, ಗುಂಡಿಯ ಗೋಡೆಯಲ್ಲಿ ಮಣ್ಣು ಮೇಲಿಂದ ಕೆಳಕ್ಕೆ ಹೇಗೆ ಬದಲಾಗುತ್ತ ಹೋಗುತ್ತದೆ ಎಂದು ಗೇಣು ಗೇಣಿಗೂ ನೋಡಿ ಬರೆದುಕೊಳ್ಳಬೇಕು. ಒದ್ದೆ ಮಾಡಿ ಬೆರಳಲ್ಲಿ ಉಜ್ಜಿ ಜಿಗುಟು ಎಷ್ಟಿದೆ ನೋಡಬೇಕು. ಆಸಿಡ್ಡಿನ ಎರಡು ಹನಿ ಬಿಟ್ಟರೆ ಸುಣ್ಣ ಇದ್ದಲ್ಲಿ ಬುಸ್ಸೆಂದು ನೊರೆ ಏಳುತ್ತದೆ. ಬೇರು ಎಲ್ಲಿಯವರೆಗೆ ಹೋಗಿದೆ, ಎಲ್ಲಿ ನಿಂತಿದೆ ಎಂದು ಅಳೆಯಬೇಕು. ಕೊನೆಗೆ ಈ ಹೊಲ ಯಾವ ಬೆಳೆಗೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ಒಂದು ಮಾತು ಬರೆಯಬೇಕು.

ಆ ವರ್ಷ ಇಲಾಖೆ ನಮ್ಮ ತಂಡಕ್ಕೆ ಕೊಟ್ಟಿದ್ದ ಬೆಳೆ ಹತ್ತಿ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನಲ್ಲಿ ಮಳೆ ನಂಬಿ ಹತ್ತಿ ಹಾಕಬಹುದಾದ ಹೊಲ ಯಾವುವು ಎಂದು ಗುರುತಿಸಬೇಕಿತ್ತು. ಹತ್ತಿಯ ತಾಯಿಬೇರು ನೇರ ಕೆಳಕ್ಕೆ ಇಳಿಯುವಂಥದ್ದು. ಮಳೆ ಕೈಕೊಟ್ಟ ವಾರಗಳಲ್ಲಿ ಅದು ಕೆಳಗಿನ ತೇವ ಹುಡುಕಿಕೊಂಡು ಹೋಗಬೇಕು. ನಡುವೆ ಬಂಡೆಯೋ ಸುಣ್ಣದ ಗಟ್ಟಿ ಪದರವೋ ಅಡ್ಡ ಬಂದರೆ ಗಿಡ ಮೊದಲೆರಡು ತಿಂಗಳು ಹಸಿರಾಗಿ ನಗುತ್ತ ಇದ್ದು, ಕಾಯಿ ಕಟ್ಟುವ ಹೊತ್ತಿಗೆ ಸೊರಗಿಬಿಡುತ್ತದೆ. ನಮ್ಮ ಸೀಮೆಯ ಮಣ್ಣು ಮಹಾ ಮೋಸಗಾರ. ಒಂದೇ ಹೊಲದ ಮೇಲ್ಭಾಗ ಕೆಂಪು ಮಸಾರಿ, ಕೆಳಭಾಗ ಕಪ್ಪು ಎರೆ. ಮೇಲೆ ಕಪ್ಪಗೆ ಕಂಡದ್ದು ಕೆಳಗೆ ಬೆಳ್ಳಗಿರುತ್ತದೆ. ಅದಕ್ಕೇ ಗುಂಡಿಗೆ ಇಳಿಯಬೇಕು. ಇಳಿಯದೆ ಗೊತ್ತಾಗುವುದಿಲ್ಲ.

ನಮ್ಮ ತಂಡದಲ್ಲಿ ಹೊಲಕ್ಕೆ ಹೋಗುವ ಹೆಂಗಸು ನಾನೊಬ್ಬಳೇ. ಅದೂ ಒಪ್ಪಂದದ ಕೆಲಸ, ವರ್ಷಕ್ಕೊಮ್ಮೆ ಮುಂದುವರಿಸಿದರೆ ಉಂಟು. ಸೇರುವ ದಿನವೇ ಸಾಹೇಬರು ಹೇಳಿದ್ದರು: "ಹೆಣ್ಮಕ್ಕಳನ್ನ ಹೊಲಕ್ಕೆ ಕಳ್ಸೋಕೆ ನಂದೇನೂ ತಕರಾರಿಲ್ಲಮ್ಮ. ಆದ್ರೆ ಏನಾದ್ರೂ ಆದ್ರೆ ಮೇಲಿನವರಿಗೆ ಉತ್ತರ ಹೇಳೋನು ನಾನು." ಏನೂ ಆಗುವುದಿಲ್ಲ ಸರ್ ಅಂದಿದ್ದೆ.

ಗುಂಡಿ ತೋಡಲು ನನ್ನ ಜೊತೆಗೆ ಬರುತ್ತಿದ್ದವರು ಒಬ್ಬ ಹಿರಿಯರು. ಅರವತ್ತು ದಾಟಿತ್ತು. ಮೊಳಕಾಲ್ಮೂರಿನಾಚೆ ಗಡಿ ಹತ್ತಿರದ ಊರು. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಹರೆಯದಲ್ಲಿ ಬಾವಿ ತೋಡುತ್ತಿದ್ದವರು. ಬಾವಿಗಳ ಕಾಲ ಮುಗಿದು ಬೋರ್‌ವೆಲ್ ಬಂದ ಮೇಲೆ ಕೂಲಿಗೆ ಹೋಗುತ್ತಿದ್ದರು. ನಾನು ಅವರನ್ನು ತಾತ ಅನ್ನುತ್ತಿದ್ದೆ.

ಆ ಏಪ್ರಿಲ್‌ನಲ್ಲಿ ವೇದಾವತಿ ದಂಡೆಯ ಒಂದು ಎರೆಹೊಲದಲ್ಲಿ ಗುಂಡಿ ತೋಡಿದ್ದೆವು. ಬಿಸಿಲಿಗೆ ಹೊಲವೆಲ್ಲ ಬಾಯಿ ಬಿಟ್ಟಿತ್ತು. ಒಂದು ಬಿರುಕಿನೊಳಗೆ ಅಳತೆಯ ಟೇಪು ಇಳಿಬಿಟ್ಟೆ, ಎರಡೂವರೆ ಅಡಿ ಸಲೀಸಾಗಿ ಹೋಯಿತು. ಐದಡಿ ಗುಂಡಿ. ತೆಗೆದ ಮಣ್ಣನ್ನು ಅಂಚಿನಲ್ಲೇ ಪೇರಿಸಿದ್ದೆವು. ಜೀಪಿನ ಡ್ರೈವರ್ ನೀರು ತರಲು ಊರೊಳಗೆ ಹೋಗಿದ್ದ. ನಾನು ಕೆಳಗೆ ನಿಂತು, ಚಾಕುವಿನಿಂದ ಗೋಡೆ ಕೆರೆದು ನೋಡುತ್ತಿದ್ದೆ.

ಮೊದಲು ಒಂದು ಹಿಡಿ ಪುಡಿಮಣ್ಣು ಹೆಗಲ ಮೇಲೆ ಉದುರಿತು. ತಾತನೇ ಏನಾದರೂ ತಳ್ಳಿದರೇನೋ ಅಂದುಕೊಂಡು ತಲೆ ಎತ್ತಿದೆ. ನನ್ನ ಬೆನ್ನ ಹಿಂದಿನ ಗೋಡೆ ಇಡಿಯಾಗಿ, ಬೀರುವೊಂದು ಮುಂದಕ್ಕೆ ವಾಲಿದ ಹಾಗೆ ವಾಲಿ ಬಂತು. ಸದ್ದು ಕೇಳಿಸಿದ ನೆನಪೇ ಇಲ್ಲ. ಮುಖ ಎದುರಿನ ಗೋಡೆಗೆ ಒತ್ತಿತ್ತು. ಎದೆಯವರೆಗೆ ಮಣ್ಣು. ಕೈಯೊಂದು ಮೇಲಿತ್ತು, ಇನ್ನೊಂದು ಎಲ್ಲಿದೆಯೆಂದು ಗೊತ್ತಾಗಲಿಲ್ಲ.

ಮಣ್ಣಿನೊಳಗೆ ಸಿಕ್ಕಿಬಿದ್ದವರಿಗೆ ಮಾತ್ರ ಗೊತ್ತಿರುವ ಒಂದು ವಿಷಯವಿದೆ. ಉಸಿರು ಬಿಟ್ಟಾಗ ಎದೆ ಕುಗ್ಗುತ್ತದಲ್ಲ, ಅಷ್ಟು ಜಾಗವನ್ನೂ ಮಣ್ಣು ತುಂಬಿಕೊಳ್ಳುತ್ತದೆ. ಮತ್ತೆ ಉಸಿರೆಳೆಯಲು ಹೋದರೆ ಮೊದಲಿನಷ್ಟು ಜಾಗ ಇರುವುದಿಲ್ಲ. ಎರಡು ಸಲ ಉಸಿರು ಬಿಟ್ಟ ಮೇಲೆ ನನಗೆ ಇದು ಅರ್ಥವಾಯಿತು. ಮೂರನೆಯ ಸಲ ಬಿಡಲು ಹೆದರಿದೆ. ಕೂಗೋಣವೆಂದರೆ ಕೂಗಲಿಕ್ಕೂ ಉಸಿರು ಬಿಡಬೇಕು.

ತಾತ ಗುಂಡಿಯೊಳಗೆ ಹಾರಲಿಲ್ಲ. ಹಾರಿದ್ದರೆ ಇನ್ನೊಂದು ಗೋಡೆಯೂ ಬರುತ್ತಿತ್ತು. ಹೊಟ್ಟೆಯ ಮೇಲೆ ಮಲಗಿ ಕೈ ಇಳಿಬಿಟ್ಟು ನನ್ನ ಎದೆಯ ಸುತ್ತಲಿನ ಮಣ್ಣನ್ನು ಬೊಗಸೆ ಬೊಗಸೆಯಾಗಿ ಎತ್ತತೊಡಗಿದರು. ಎದೆ ಬಿಡುಗಡೆಯಾದ ಮೇಲೆ ಒಂದು ಬದಿಯಿಂದ ಮೆಲ್ಲಗೆ ಇಳಿದು ಬಾಂಡ್ಲಿಯಲ್ಲಿ ತೆಗೆದರು. ಗುದ್ದಲಿ ಮುಟ್ಟಲಿಲ್ಲ, ನನ್ನ ಕಾಲಿಗೆ ಬಿದ್ದೀತೆಂದು. ಅಷ್ಟು ಹೊತ್ತೂ ಒಂದೇ ಮಾತು: "ಏಂ ಕಾದಮ್ಮಾ, ಏಂ ಕಾದು. ಏನಾಗಲ್ಲ. ನನ್ನ ನೋಡು, ಕೆಳಗೆ ನೋಡಬ್ಯಾಡ."

ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ. ಮೇಲೆ ಬಂದಾಗ ನನ್ನ ಒಂದು ಬೂಟು ಒಳಗೇ ಉಳಿದಿತ್ತು. ತಾತನ ಉಗುರುಗಳ ಸಂದಿಯಿಂದ ರಕ್ತ ಬರುತ್ತಿತ್ತು. ನಾನು ಹೇಳಿದ ಮೊದಲ ಮಾತು ಇದು: "ತಾತ, ಯಾರಿಗೂ ಹೇಳಬ್ಯಾಡ್ರಿ."

ಅವರು ನನ್ನನ್ನೇ ನೋಡಿದರು. "ಯಾಕಮ್ಮಾ?"

"ಹೇಳಿದ್ರೆ ನನ್ನ ಹೊಲಕ್ಕೆ ಕಳ್ಸಲ್ಲ. ಆಮೇಲೆ ಕೆಲ್ಸನೂ ಇರಲ್ಲ."

"ನಿನ್ನಿಷ್ಟ" ಅಂದು ಗುದ್ದಲಿ ಎತ್ತಿಕೊಂಡರು. ಡ್ರೈವರ್ ಬರುವಷ್ಟರಲ್ಲಿ ಇಬ್ಬರೂ ಸೇರಿ ಗುಂಡಿ ಮುಚ್ಚಿದ್ದೆವು.

ಮನೆಯಲ್ಲಿ ಅವ್ವನಿಗೆ ಬದುವಿನ ಮೇಲಿಂದ ಜಾರಿಬಿದ್ದೆ ಅಂದೆ. ಅವ್ವ ಶೇಂಗಾ ಮಿಲ್ಲಿನಲ್ಲಿ ಕಾಳು ಆರಿಸುವವಳು. ಸಾವಿರ ಕಾಳಿನ ನಡುವೆ ಕೆಟ್ಟದ್ದೊಂದನ್ನು ಹೆಕ್ಕುವ ಕಣ್ಣು ಅವಳದು. ಬೆನ್ನಿಗೆ ಹರಳೆಣ್ಣೆ ಉಜ್ಜುತ್ತ, "ಜಾರಿ ಬಿದ್ದೋರ ಕಿವಿಯೊಳಗ ಮಣ್ಣು ಹೋಗ್ತೈತಾ?" ಅಂದಳು. ಸಾಕು ಬಿಡವ್ವಾ ಅಂದು ಎದ್ದೆ. ಅವಳು ಮತ್ತೆ ಕೇಳಲಿಲ್ಲ.

ನಾಲ್ಕು ದಿನ ಬಿಟ್ಟು ಕೆಲಸಕ್ಕೆ ಹೋದೆ. ಮೊದಲ ಗುಂಡಿಯ ಅಂಚಿಗೆ ಬಂದು ಕಾಲು ಇಳಿಬಿಟ್ಟೆ. ಮೊಣಕಾಲಿನಿಂದ ಕೆಳಗೆ ನನ್ನ ಕಾಲೇ ನನ್ನದಲ್ಲದ ಹಾಗಾಯಿತು. ಬಾಯೆಲ್ಲ ಮಣ್ಣಿನ ರುಚಿ. ಅದು ಮಸಾರಿ ನೆಲ, ಕಲ್ಲಿನ ಹಾಗೆ ಗಟ್ಟಿ, ಕುಸಿಯುವ ಮಾತೇ ಇಲ್ಲ. ಓದಿದ ಬುದ್ಧಿಗೆ ಇದೆಲ್ಲ ಗೊತ್ತಿತ್ತು. ಎದೆಗೆ ಗೊತ್ತಿರಲಿಲ್ಲ. "ತಾತ, ಬೆನ್ನು ನೋಯ್ತೈತೆ, ನೀವೇ ಇಳಿದು ಒಂದೊಂದು ಹೆಂಟೆ ತೆಗೆದು ಕೊಡ್ರಿ" ಅಂದೆ. ಅವರು ಇಳಿದರು. ಮೇಲೆ ಕೂತು ಬರೆದುಕೊಂಡೆ.

ಹೀಗೆ ಒಂದಷ್ಟು ದಿನ ನಡೆಯಿತು. ಆಮೇಲೆ ಅವರು ಇಳಿದರೂ ನನಗೆ ತಡೆಯಲಾಗುತ್ತಿರಲಿಲ್ಲ. ಅವರ ಬೋಳುತಲೆ ನೆಲದ ಮಟ್ಟಕ್ಕಿಂತ ಕೆಳಗೆ ಹೋದ ಕೂಡಲೇ ನಾನು ಬರೆದ ಅಕ್ಷರ ನನಗೇ ಓದಲು ಬರುತ್ತಿರಲಿಲ್ಲ. ಕೊನೆಗೆ ಗುಂಡಿಯನ್ನೇ ಬಿಟ್ಟೆ. ಮಣ್ಣು ಕೊರೆಯಲು ಟಿ ಆಕಾರದ ಹಿಡಿ ಇರುವ ಕಬ್ಬಿಣದ ತಿರುಪೊಂದು ಇರುತ್ತದೆ. ಅದನ್ನು ತಿರುಗಿಸಿ ಇಳಿಸಿದರೆ ಕೆಳಗಿನ ಮಣ್ಣು ಸ್ವಲ್ಪ ಸ್ವಲ್ಪ ಮೇಲೆ ಬರುತ್ತದೆ. ಗುಂಡಿಯ ಬದಲು ಅದರಲ್ಲೇ ನೋಡಿ, ಮೊಬೈಲಿನಲ್ಲಿದ್ದ ಇಲಾಖೆಯ ನಮೂನೆಯಲ್ಲಿ ಗುಂಡಿಯ ವಿವರ ಎಂದೇ ತುಂಬತೊಡಗಿದೆ. ಗುಂಡಿಯ ಫೋಟೊ ಹಾಕಲೇಬೇಕಿತ್ತು. ಹಳೆಯ ಗುಂಡಿಯದನ್ನು ಹಾಕಿದೆ. ಮೊದಲ ಸಲ ಹಾಕುವಾಗ ಬೆವರಿದೆ. ನಾಲ್ಕನೆಯ ಸಲ ಬೆವರಲಿಲ್ಲ.

ಮೊಳಕಾಲ್ಮೂರಿನ ಕಡೆ, ಜಟಿಂಗ ರಾಮೇಶ್ವರದ ಬೆಟ್ಟ ಕಾಣುವ ಒಂದು ಇಳಿಜಾರಿನಲ್ಲಿ ನಾಲ್ಕು ಎಕರೆ ಹೊಲ. ಅಲ್ಲಿ ಆ ತಿರುಪು ಎರಡಡಿಗೆ ನಿಂತಿತು. ಕಲ್ಲು ಸಿಕ್ಕಿರಬೇಕೆಂದು ನಾಲ್ಕು ಹೆಜ್ಜೆ ಆಚೆ ಹಾಕಿಸಿದೆ. ಅಲ್ಲೂ ಎರಡಡಿಗೆ ನಿಂತಿತು.

"ಕೆಳಗೆ ಏನೋ ಐತಮ್ಮಾ" ಅಂದರು ತಾತ. "ತೋಡ್ತೀನಿ. ಒಂದು ಗಂಟೆ ಕೆಲ್ಸ."

"ಬ್ಯಾಡ" ಅಂದೆ. "ಒಣಗಿದ ಎರೆ, ಗಟ್ಟಿಯಾಗೈತೆ ಅಷ್ಟೇ."

ಪಕ್ಕದ ಹೊಲದ ಹಳೆಯ ಗುಂಡಿಯಲ್ಲಿ ನಾಲ್ಕಡಿಗೂ ಮಿಕ್ಕಿ ಮಣ್ಣು ಇತ್ತು. ಅದನ್ನೇ ಇಲ್ಲಿಗೂ ಬರೆದೆ. ಆಳ ನಾಲ್ಕಡಿಗೆ ಮೇಲೆ, ಹತ್ತಿಗೆ ಬಹಳ ಯೋಗ್ಯ. ತಾತ ತಿರುಪನ್ನು ಹೆಗಲ ಮೇಲಿಟ್ಟುಕೊಂಡು ನನ್ನ ಮುಂದೆ ನಡೆದರು.

ಮೇ ಕೊನೆಯಲ್ಲಿ ಆ ಊರಿನ ಶಾಲೆಯ ಜಗಲಿಯ ಮೇಲೆ ರೈತರನ್ನು ಸೇರಿಸಿ, ಅವರವರ ಹೊಲದ ಹಾಳೆ ಹಂಚಿದೆವು. ಬಣ್ಣದ ನಕ್ಷೆ, ಕೆಳಗೆ ಬೆಳೆಗಳ ಪಟ್ಟಿ. ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಹಾಳೆ ಹಿಡಿದು ನೇರ ನನ್ನ ಹತ್ತಿರ ಬಂದಳು.

"ನಮ್ಮ ಹೊಲ ನೋಡಿದ್ದು ನೀವೇ ಅಲ್ವಾ ಮೇಡಮ್? ಹತ್ತಿಗೆ ಬಹಳ ಯೋಗ್ಯ ಅಂತ ಬರೆದೀರಿ."

ಅವಳು ಮೊಳಕಾಲ್ಮೂರಿನಲ್ಲಿ ಮನೆಯಲ್ಲೇ ರೇಷ್ಮೆ ಸೀರೆ ನೇಯುವವಳು. ಅಪ್ಪನ ಪಾಲಿನಿಂದ ಬಂದ ಹೊಲ, ಇಷ್ಟು ವರ್ಷ ಬೇರೆಯವರಿಗೆ ಶೇಂಗಾಕ್ಕೆ ಪಾಲಿಗೆ ಕೊಟ್ಟಿದ್ದಳಂತೆ. "ಕೂತು ಕೂತು ಸೊಂಟ ಹೋಗೈತೆ ಮೇಡಮ್. ಈ ವರ್ಷ ಮಗ್ಗ ಬಿಟ್ಟು ನಾನೇ ಬೇಸಾಯ ಮಾಡ್ತೀನಿ. ಓದಿದೋರು ಇಳಿದು ನೋಡಿ ಬರೆದ ಮೇಲೆ ಇನ್ನೇನು?"

ಇಳಿದು ನೋಡಿ ಅಂದಳು. ನಾನು ನಕ್ಕೆ. ಆ ನಗು ಮುಖದ ಮೇಲೆ ಹಾಗೇ ಅಂಟಿಕೊಂಡು, ಜೀಪು ಚಳ್ಳಕೆರೆ ಹತ್ತಿರದ ಉಳ್ಳಾರ್ತಿ ಕಾವಲ್ ದಾಟುವವರೆಗೂ ಇಳಿಯಲಿಲ್ಲ.

ಅಲ್ಲಿಂದ ಮುಂದಿನ ಭಯ ಬೇರೆ ಥರದ್ದು. ಗುಂಡಿಯ ಭಯ ಗುಂಡಿಯ ಹತ್ತಿರ ಹೋದರೆ ಮಾತ್ರ ಬರುತ್ತಿತ್ತು. ಇದು ಬೆಳಿಗ್ಗೆ ಹಲ್ಲುಜ್ಜುವಾಗಲೂ ಬರುತ್ತಿತ್ತು. ಊರೆಲ್ಲ ಮಳೆಗೆ ಕಾಯುತ್ತಿತ್ತು. ಮಿಲ್ಲಿನಿಂದ ಬಂದ ಅವ್ವ ಬಾಗಿಲಲ್ಲಿ ನಿಂತು ಪಡುವಣ ಮೋಡ ನೋಡುತ್ತಿದ್ದಳು. ನಾನು ಒಳಗೆ ಕೂತು ಮಳೆ ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬರದ ಸೀಮೆಯಲ್ಲಿ ಹುಟ್ಟಿ ಬೆಳೆದವಳು ಹಾಗೆ ಬೇಡಿಕೊಂಡೆ. ಅದು ನನಗೇ ಕೇಳಿಸಿದಾಗ ಎದ್ದು ಹೋಗಿ ಅವ್ವನ ಪಕ್ಕ ನಿಂತೆ.

ಜೂನ್ ಎರಡನೇ ವಾರ ಒಂದು ಮಧ್ಯಾಹ್ನ ಹದವಾದ ಮಳೆ ಬಂತು. ಮಾರನೆಯ ಬೆಳಿಗ್ಗೆ ರಜೆ ಹಾಕಿ ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಹಾಳೆ ಹಿಡಿದು ಬಂದಿದ್ದ ಆ ನೇಕಾರ ಅಕ್ಕನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಆ ಓಣಿಯಲ್ಲಿ ಎಲ್ಲ ಮನೆಯಿಂದಲೂ ಮಗ್ಗದ ಸದ್ದು. ಬಾಗಿಲಲ್ಲಿ ನಿಂತು ಒಳಗೆ ನೋಡಿದವಳು ಹಾಗೇ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅದು ಗುಂಡಿಮಗ್ಗ. ನೆಲದಲ್ಲಿ ಕುಣಿ ತೆಗೆದು, ಅದರೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯಬೇಕು. ಅಕ್ಕ ಸೊಂಟದವರೆಗೆ ನೆಲದೊಳಗೆ ಇದ್ದಳು. ಅವಳ ಪಾಡಿಗೆ ಅವಳು ಲಾಳಿ ಎಸೆಯುತ್ತಿದ್ದಳು, ನಾನು ಹೊಸಿಲು ದಾಟಲಿಲ್ಲ.

"ಬರ್ರಿ ಮೇಡಮ್, ಯಾಕೆ ಅಲ್ಲೇ ನಿಂತ್ರಿ? ಮುಖ ಯಾಕೆ ಹಂಗಾಗೈತೆ?" ಅಂದು ಎದ್ದು ಬಂದು ನೀರು ಕೊಟ್ಟಳು. "ಇದೊಂದು ಸೀರೆ ಇಳಿಸಿದ್ರೆ ಆಯ್ತು. ನಾಡಿದ್ದು ಬಿತ್ತನೆ." ದೇವರ ಗೂಡಿನ ಪಕ್ಕದಲ್ಲಿ ಹತ್ತಿಬೀಜದ ಪೊಟ್ಟಣಗಳನ್ನು ಸಾಲಾಗಿ ಇಟ್ಟಿದ್ದಳು. ಅವಕ್ಕೂ ಅರಿಶಿನ ಕುಂಕುಮ ಹಚ್ಚಿತ್ತು.

ಸತ್ಯ ಹೇಳಲೆಂದೇ ಬಂದಿದ್ದೆ. ಬಾಯಿಂದ ಬಂದದ್ದು, "ಇನ್ನೊಂದ್ಸಲ ಹೊಲ ನೋಡ್ಬೇಕಕ್ಕ. ನಾಳೆ ಬರ್ತೀನಿ. ಅಲ್ಲೀತನಕ ಬಿತ್ತಬ್ಯಾಡ್ರಿ."

"ತಪ್ಪಾಗೈತಾ?"

"ಇರಬೋದು."

ಅವಳು ನನ್ನ ಕಣ್ಣನ್ನೇ ನೋಡಿದಳು. ಲೋಟ ವಾಪಸ್ಸು ತೆಗೆದುಕೊಂಡಳು. "ಬರ್ರಿ, ನೋಡೋಣ" ಅಂದಳು.

ಅಲ್ಲಿಂದ ತಾತನ ಊರಿಗೆ ಹೋದೆ. ಅವರು ಮನೆ ಮುಂದಿನ ಬೇವಿನ ಕೆಳಗೆ ಗುದ್ದಲಿಗೆ ಹೊಸ ಮರದ ಕಾವು ಹಾಕುತ್ತಿದ್ದರು. ಎಲ್ಲ ಹೇಳಿದೆ. ಗುಂಡಿ ಎಂದರೆ ಜೀವ ಹೋದಂತಾಗುವುದನ್ನೂ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಬೆನ್ನುನೋವಿನ ನೆಪ ಒಪ್ಪಿಕೊಂಡೆ.

"ಗೊತ್ತಿತ್ತು" ಅಂದರು. ಕಾವಿಗೆ ಎರಡು ಏಟು ಹಾಕಿ, "ನಂಗೂ ಭಯ ಆಗ್ತಿತ್ತಮ್ಮಾ" ಅಂದರು.

ನನಗೆ ಅರ್ಥವಾಗಲಿಲ್ಲ. "ಯಾವಾಗ?"

"ಅವತ್ತು ನಿನ್ನ ತೆಗೆದೆನಲ್ಲ, ಆಮೇಲಿಂದ. ನೀನು ಇಳಿ ಅಂದಾಗೆಲ್ಲ. ವಯಸ್ಸಾತು, ನನ್ನ ಮ್ಯಾಲೆ ಬಿದ್ರೆ ತೆಗೆಯೋ ಕಸುವು ನಿಂಗೆಲ್ಲೈತೆ ಅಂತ."

"ಹೇಳಬಾರದಿತ್ತಾ ತಾತ?"

"ನೀನು ಹೇಳಿದ್ಯಾ?"

ಎರಡು ತಿಂಗಳು ಭಯ ನನ್ನೊಬ್ಬಳದೇ ಎಂದುಕೊಂಡು, ಅಷ್ಟೇ ಹೆದರಿದ ಮುದುಕರನ್ನು ನನ್ನ ಬದಲಿಗೆ ಕೆಳಗಿಳಿಸಿದ್ದೆ. ಅವತ್ತು ಎದೆಯ ಸುತ್ತ ಬಿದ್ದ ಮಣ್ಣೂ ಆ ನಾಚಿಕೆಯಷ್ಟು ಭಾರವಿರಲಿಲ್ಲ. ಕಾಲು ಹಿಡಿಯಲು ಬಗ್ಗಿದೆ. ಅವರು ಗುದ್ದಲಿ ಅಡ್ಡ ಹಿಡಿದು, "ಅದೆಲ್ಲ ಬ್ಯಾಡ. ನಾಳೆ ಎಷ್ಟೊತ್ತಿಗೆ?" ಅಂದರು.

ಮಾರನೆಯ ದಿನ ಎಂಟು ಗಂಟೆಗೆ ಮೂವರೂ ಹೊಲದಲ್ಲಿದ್ದೆವು. ಮಳೆಯಿಂದ ಮೇಲ್ಮಣ್ಣು ಮೆತ್ತಗಾಗಿತ್ತು. ತಿರುಪು ನಿಂತಿದ್ದ ಜಾಗದಲ್ಲೇ ತಾತ ಗುದ್ದಲಿ ಹಾಕಿದರು. ಅರ್ಧ ಗಂಟೆಗೆ ಗುದ್ದಲಿ ಠಣ್ಣೆಂದಿತು. ತಾತ ಮಣ್ಣು ಸವರಿ ಪಕ್ಕಕ್ಕೆ ಸರಿದರು.

ಕೆಳಗೆ ಬೆಳ್ಳಗೆ, ಗಾರೆ ಹಾಕಿದ ನೆಲದ ಹಾಗೆ ಸುಣ್ಣದ ಪದರ. ಆಸಿಡ್ಡಿನ ಹನಿ ಬಿಟ್ಟೆ, ಹಾಲುಕ್ಕಿದ ಹಾಗೆ ಉಕ್ಕಿತು. ಹಿಂದಿನ ಯಾವುದೋ ಗಿಡದ ಒಣಬೇರು ಅಲ್ಲಿಯತನಕ ನೇರ ಬಂದು, ಪದರ ಮುಟ್ಟಿದ ಕಡೆ ಅಡ್ಡಕ್ಕೆ ತಿರುಗಿ ಚಪ್ಪಟೆಯಾಗಿ ಹರಿದಿತ್ತು. ಗುಂಡಿಯಲ್ಲಿ ನಿಂತಿದ್ದೇನೆಂದು ಆಮೇಲೆ ಗಮನಕ್ಕೆ ಬಂತು. ನನ್ನ ಮೊಣಕಾಲಿಗಿಂತ ಒಂದು ಚೋಟು ಮೇಲೆ ಬರುತ್ತಿತ್ತು ಅದರ ಅಂಚು. ಇಷ್ಟೇ ಗುಂಡಿ. ಆವತ್ತು ತಾತನಿಗೆ ತೋಡ್ರಿ ಅಂದಿದ್ದರೆ ಇಷ್ಟಕ್ಕೇ ನಿಲ್ಲುತ್ತಿತ್ತು. ಹೆದರುವಷ್ಟು ಆಳವೇ ಅಲ್ಲಿರಲಿಲ್ಲ.

"ಏನದು ಬಿಳೀದು?" ಅಕ್ಕ ಕೇಳಿದಳು.

ಹೇಳಿದೆ. ಹತ್ತಿಯ ಬೇರು ಇದನ್ನು ದಾಟುವುದಿಲ್ಲ ಅಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಗುಂಡಿ ತೋಡದೆ ಬರೆದದ್ದು, ಪಕ್ಕದ ಹೊಲದ ಫೋಟೊ ಹಾಕಿದ್ದು, ಯಾಕೆ ಎಂಬುದು. ಹೇಳುವಾಗ ಗುಂಡಿಯಿಂದ ಮೇಲೆ ಬರಬೇಕೆಂದೂ ತೋಚಲಿಲ್ಲ.

ಅಕ್ಕನ ಮುಖ ಕೆಂಪೇರಿತು. "ನಿಂಗೆ ಗುಂಡಿ ಭಯ ಅಂತ ನನ್ನ ಹೊಲಕ್ಕೆ ಸುಳ್ಳು ಬರೆದ್ಯಾ? ನಾಡಿದ್ದು ಮಗ್ಗ ಬಿಚ್ಚಿಸೋಳಿದ್ದೆ ನಾನು. ನಿಂಗೊಂದು ಗಂಟೆ ಕೆಲ್ಸ, ನಂಗೆ ಒಂದು ವರ್ಷ!" ಬಹುವಚನ ಹೋಗಿತ್ತು. ಹೋಗಬೇಕಾದ್ದೇ. ತಾತ ಏನೋ ಹೇಳಲು ಹೊರಟರೆ, "ನೀವು ಸುಮ್ಕಿರ್ರಿ" ಅಂದಳು. ಬದುವಿನ ತನಕ ಹೋದಳು, ತಿರುಗಿ ಬಂದಳು. "ಕೆಳಗಿನ ಮೂಲೆ ನೋಡಿದ್ಯಾ? ಅಲ್ಲಿ ಮಣ್ಣು ಬ್ಯಾರೆ. ನಮ್ಮಪ್ಪ ಅಲ್ಲೇ ಜೋಳ ಹಾಕ್ತಿದ್ದ. ಇಳಿದು ನೋಡು. ನೋಡಿ ಹೇಳಿಯೇ ಹೋಗು."

ಕೆಳಗಿನ ಮೂಲೆ ಅಪ್ಪಟ ಎರೆ. ಮಳೆ ಬಿದ್ದರೂ ದೊಡ್ಡ ಬಿರುಕುಗಳು ಪೂರಾ ಮುಚ್ಚಿರಲಿಲ್ಲ. ವೇದಾವತಿ ದಂಡೆಯದೇ ಬಣ್ಣ, ಅದೇ ವಾಸನೆ.

ಈ ಸಲ ತಾತ ಹೇಳಿದಂತೆ ತೋಡಿದೆವು. ತೆಗೆದ ಮಣ್ಣನ್ನು ನಾಲ್ಕು ಮಾರು ದೂರ ಸುರಿದೆವು. ಒಂದು ಬದಿಗೆ ಮೆಟ್ಟಿಲು, ಉಳಿದ ಬದಿಗಳನ್ನು ಇಳಿಜಾರಾಗಿ ಕೊಯ್ದದ್ದು. ಮಣ್ಣು ಹೊತ್ತದ್ದು ಅಕ್ಕ ಮತ್ತು ನಾನು. ಕೆಲಸ ಮುಗಿಯುವಷ್ಟರಲ್ಲಿ ಹೊತ್ತು ಮೂರಾಗಿತ್ತು. ತಾತ ನನ್ನ ಸೊಂಟಕ್ಕೆ ಹಗ್ಗ ಕಟ್ಟಿದರು. ಇನ್ನೊಂದು ತುದಿಯನ್ನು ಅಕ್ಕ ತಾನಾಗಿಯೇ ತೆಗೆದುಕೊಂಡು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಳು.

ಮೂರು ಮೆಟ್ಟಿಲು ಇಳಿದೆ. ನಾಲ್ಕನೆಯದಕ್ಕೆ ಕಾಲಿಡುವಾಗ ಗೋಡೆಯಿಂದ ಮುಷ್ಟಿಗಾತ್ರದ ಹೆಂಟೆಯೊಂದು ಕಳಚಿ ಪಾದದ ಬಳಿ ಬಿತ್ತು. ಏನು ಕೂಗಿದೆನೋ ಗೊತ್ತಿಲ್ಲ. ಹೇಗೆ ಮೇಲೆ ಬಂದೆನೋ ಗೊತ್ತಿಲ್ಲ. ಎರಡೂ ಕೈಯಲ್ಲಿ ನೆಲದ ಹುಲ್ಲು ಹಿಡಿದು ಬಿದ್ದುಕೊಂಡಿದ್ದೆ. ಹಲ್ಲು ಕಟಕಟ ಅನ್ನುತ್ತಿತ್ತು, ಆ ಬಿಸಿಲಲ್ಲಿ.

ಅಕ್ಕ ಹಗ್ಗ ಬಿಡದೆ ಪಕ್ಕಕ್ಕೆ ಬಂದು ಕೂತಳು. ಅವಳ ಕೋಪ ಆರಿರಲಿಲ್ಲ, ಆದರೆ ಈಗ ಅವಳೂ ಹೆದರಿದ್ದಳು. "ಸಾಕು ಬಿಡು. ನಾನು ಹತ್ತಿ ಹಾಕೋದೇ ಇಲ್ಲ. ಯಾರಿಗೆ ಬೇಕು" ಅಂದಳು.

ಆ ಮಾತಿನಲ್ಲಿ ನನಗೆ ಬಿಡುಗಡೆ ಇತ್ತು. ಎದ್ದು ಮನೆಗೆ ಹೋಗಬಹುದಿತ್ತು. ಹೋದರೆ ಆ ಮೂಲೆಯನ್ನು ಯಾರೂ ನೋಡುವುದಿಲ್ಲ. ಈ ಸಲವೂ ನನ್ನ ಭಯವೇ ಅವಳ ಹೊಲದ ಬೆಳೆ ತೀರ್ಮಾನಿಸಿದ ಹಾಗಾಗುತ್ತದೆ. ಹೀಗೆ ಯೋಚಿಸಿದೆ ಅಂತ ಈಗ ಬರೆಯುತ್ತಿದ್ದೇನೆ. ಆಗ ಅಷ್ಟು ಸ್ಪಷ್ಟವಾಗಿ ಯೋಚಿಸಿದೆನೋ ಇಲ್ಲವೋ. ನೀರು ಕುಡಿದೆ, ಮತ್ತೆ ಇಳಿದೆ.

ಬೆನ್ನ ಹಿಂದಿನ ಗೋಡೆ ಹತ್ತಿರ ಬರುತ್ತಿದೆ ಅನ್ನಿಸಿ ಮೂರು ಸಲ ತಿರುಗಿ ನೋಡಿದೆ. ಮೇಲಿಂದ ತಾತ, "ಏಂ ಕಾದಮ್ಮಾ" ಅನ್ನುತ್ತಲೇ ಇದ್ದರು. ಅವರ ದನಿಯೂ ನಡುಗುತ್ತಿತ್ತು. ನಾನು ನೋಡಿದ್ದನ್ನೆಲ್ಲ ಗಟ್ಟಿಯಾಗಿ ಕೂಗಿ ಹೇಳುತ್ತ ಹೋದೆ. ಒಂದಡಿಗೆ ಎರೆ, ಬೇರು ಐತೆ. ಎರಡಡಿಗೆ ಎರೆ, ಬೇರು ಐತೆ. ಮೂರಡಿಗೆ ತೇವ ಐತೆ, ಸಣ್ಣ ಸುಣ್ಣದ ಹರಳು, ಬೇರು ಐತೆ. ನಾಲ್ಕಡಿಗೂ ಮಣ್ಣು ಐತೆ. ಅಕ್ಕ ಪ್ರತಿ ಸಲವೂ "ಹೂಂ" ಅಂದಳು. ಹತ್ತು ನಿಮಿಷವಾಗಿರಬಹುದು. ಮೇಲೆ ಬಂದವಳೇ ವಾಂತಿ ಮಾಡಿಕೊಂಡೆ.

ಅಕ್ಕ ಆ ಮೂಲೆಯ ಒಂದೂಕಾಲು ಎಕರೆಗೆ ಹತ್ತಿ, ಮೇಲಿನದಕ್ಕೆ ನವಣೆ ಮತ್ತು ಹುರುಳಿ ಹಾಕಿದಳು. ಮಗ್ಗ ಬಿಡಲಿಲ್ಲ. ಆ ದಿನ ಹೊಲ ಬಿಡುವಾಗ ಒಂದು ಪ್ರಶ್ನೆ ಕೇಳಿದ್ದಳು: "ನಂದೊಂದೇ ಹೊಲನಾ? ಇನ್ನೆಷ್ಟು ಹಿಂಗೆ ಬರೆದಿ?"

ಒಂಬತ್ತು.

ಸೋಮವಾರ ಸಾಹೇಬರ ಮುಂದೆ ನಿಂತು ಒಂಬತ್ತರ ಪಟ್ಟಿ ಇಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಪಟ್ಟಿಯನ್ನು ಎರಡು ಸಲ ಓದಿ, "ಗುಂಡಿ ಕುಸಿದ ದಿನವೇ ಯಾಕಮ್ಮ ಹೇಳ್ಲಿಲ್ಲ?" ಅಂದರು. ನಾನು ಸೇರಿದ ದಿನ ಅವರೇ ಹೇಳಿದ್ದ ಮಾತನ್ನು ನೆನಪಿಸಿದೆ. ಅವರಿಗೆ ಆ ಮಾತು ನೆನಪೇ ಇರಲಿಲ್ಲ. ಪಟ್ಟಿ ಮಡಿಸಿಟ್ಟು, ಒಂಬತ್ತನ್ನೂ ಮತ್ತೆ ತೋಡಿಸಿ ನೋಡಬೇಕು, ನೀನೇ ಹೋಗಬೇಕು, ಜೊತೆಗೆ ಇನ್ನೊಬ್ಬರು ಬರುತ್ತಾರೆ ಅಂದರು. ಎರೆಹೊಲದಲ್ಲಿ ಇಳಿಜಾರು ಕೊಯ್ಯದೆ ಯಾರೂ ಇಳಿಯಕೂಡದು ಎಂದು ಅಂದೇ ಎಲ್ಲರಿಗೂ ಬರೆದು ಕಳಿಸಿದರು. ಆ ಒಂಬತ್ತು ಮುಗಿದ ಮೇಲೆ ನನ್ನ ಒಪ್ಪಂದವನ್ನು ಮುಂದುವರಿಸಲಿಲ್ಲ.

ಒಂಬತ್ತರಲ್ಲಿ ಆರು ಸರಿಯಾಗಿಯೇ ಇದ್ದವು, ಅದೃಷ್ಟಕ್ಕೆ. ತಪ್ಪಾದ ಮೂರರಲ್ಲಿ ಅಕ್ಕನದೊಂದು. ಇನ್ನೊಬ್ಬರು ಇನ್ನೂ ಬಿತ್ತಿರಲಿಲ್ಲ. ಮೂರನೆಯ ಹೊಲಕ್ಕೆ ಹೋದಾಗ ಹತ್ತಿ ಆಗಲೇ ನಾಲ್ಕೆಲೆ ಬಿಟ್ಟಿತ್ತು. ಹೊಲದವರು ನನ್ನ ಅಪ್ಪನ ವಯಸ್ಸಿನವರು. ಗುಂಡಿ ತೋಡಿ ತೋರಿಸಿ, ತಪ್ಪು ನನ್ನದು ಅಂದೆ. ಅವರು ಕಳೆ ತೆಗೆಯುವ ಸಾಲಿಗೆ ಹಿಂದಿರುಗಿ, ಬೆನ್ನು ಮಾಡಿ ಕೂತರು.

ಅವ್ವನಿಗೆ ಎಲ್ಲ ಹೇಳಿದ್ದು ಆ ಸಂಜೆಯೇ. "ಕಿವಿಯೊಳಗಿನ ಮಣ್ಣು ನೋಡ್ದಾಗ್ಲೇ ನಂಗೆ ಗೊತ್ತಾತು. ನೀನಾಗೇ ಹೇಳ್ತಿ ಅಂತ ಕಾದೆ" ಅಂದಳು. ಅವಳು ಅಷ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ.

ಅಕ್ಟೋಬರಿನಲ್ಲಿ, ಕೆಲಸವಿಲ್ಲದೆ ಮನೆಯಲ್ಲಿದ್ದಾಗ, ಆ ಮೂರನೆಯ ಹೊಲ ನೋಡಲು ಹೋದೆ. ಹೋಗದಿರಲು ಆಗಲಿಲ್ಲ. ಪಕ್ಕದ ಹೊಲದ ಹತ್ತಿ ಎದೆಮಟ್ಟ ಇತ್ತು. ಅವರದು ಮೊಣಕಾಲಿಗೆ ಸ್ವಲ್ಪ ಮೇಲೆ ನಿಂತು, ಎಲೆ ಕೆಂಪಾಗಿ, ಗಿಡಕ್ಕೆ ನಾಲ್ಕೈದು ಕಾಯಿ. ಬದುವಿನ ಮೇಲೆ ನಿಂತಿದ್ದವಳನ್ನು ಅವರು ನೋಡಿಬಿಟ್ಟರು. ಓಡಿಹೋಗಬೇಕೆನ್ನಿಸಿತು. ಅವರು ಕೈಯಲ್ಲಿದ್ದ ಕುಡುಗೋಲು ಕೆಳಗಿಟ್ಟು ನಿಧಾನ ನಡೆದು ಬಂದರು.

"ಹಾಕಿದ್ದು ಹೋತು" ಅಂದರು. "ಹಿಂಗಾರಿಗೆ ಏನು ಹಾಕ್ಲಿ ಹೇಳು. ಮೇಲ್ನಿಂತು ಹೇಳೋದಾದ್ರೆ ಬ್ಯಾಡ. ಇಡೀ ಹೊಲ ತೋಡಿ ನೋಡಿ ಹೇಳು."

ಮಾರನೆಯ ದಿನ ತಾತನನ್ನು ಕರೆದುಕೊಂಡು ಹೋಗಿ ಐದು ಕಡೆ ತೋಡಿದೆವು. ಯಾವ ಇಲಾಖೆಯ ಕೆಲಸವೂ ಅಲ್ಲ, ಹಾಳೆಯೂ ಇಲ್ಲ, ಫೋಟೊವೂ ಇಲ್ಲ. ಐದಕ್ಕೂ ನಾನೇ ಇಳಿದೆ. ಕಡಲೆ ಹಾಕ್ರಿ ಅಂದೆ. ಹಾಕಿದರು.

ಒಂದು ವರ್ಷದ ನಂತರ ಬೇರೆ ಕಡೆ ಮತ್ತೆ ಇದೇ ಕೆಲಸ ಸಿಕ್ಕಿತು. ಈಗಲೂ ಮಾಡುತ್ತಿದ್ದೇನೆ. ಭಯ ಹೋಗಿಲ್ಲ. ಎರೆಹೊಲವಾದರೆ ಇಳಿಯುವ ಮೊದಲು ಬಾಯಿ ಒಣಗುತ್ತದೆ, ಬೆನ್ನ ಹಿಂದಿನ ಗೋಡೆಯನ್ನು ಎರಡು ಸಲ ನೋಡುತ್ತೇನೆ. ಜೊತೆಗೆ ಬಂದವರಿಗೆ ಅದನ್ನು ಹೇಳಿಯೇ ಇಳಿಯುತ್ತೇನೆ. ಹೊಸಬರಾದರೆ ನಗುತ್ತಾರೆ, ನಕ್ಕರೆ ನಗಲಿ ಎಂದು ಮೊದಲ ಮೆಟ್ಟಿಲಿಗೆ ಕಾಲಿಡುತ್ತೇನೆ.